ಇಡ್ಲಿ ಮೊದಲೇ ಬೇಯಲಿ, ದೋಸೆ ಕೇಳಿದ ಮೇಲೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾಗುವ ದಿನ ನಮ್ಮಲ್ಲಿ ಏನಾಗುತ್ತದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಪರೀಕ್ಷೆ ಬರೆದ ಸುಮಾರು 8 ಲಕ್ಷ ಮಕ್ಕಳು, ಅವರ ಅಪ್ಪ ಅಮ್ಮ, ಸೋದರಮಾವ, ಪಕ್ಕದ ಮನೆಯವರು, ಟ್ಯೂಷನ್ ಮೇಷ್ಟರು ಹೀಗೆ ಎಲ್ಲರೂ ಒಂದೇ ಗಳಿಗೆಯಲ್ಲಿ ಒಂದೇ ಜಾಲತಾಣದ ಬಾಗಿಲು ತಟ್ಟುತ್ತಾರೆ. ಮೊಬೈಲ್ ಪರದೆಯ ಮೇಲೆ ಪುಟ್ಟ ಚಕ್ರವೊಂದು ತಿರುಗತೊಡಗುತ್ತದೆ. ತಿರುಗುತ್ತಲೇ ಇರುತ್ತದೆ. ಹುಡುಗ ಬೆವರುತ್ತಾನೆ, ಅಮ್ಮ ದೇವರ ಪಟದ ಕಡೆ ನೋಡುತ್ತಾಳೆ, ಅಪ್ಪ 'ನೆಟ್‌ವರ್ಕ್ ಸರಿಯಿಲ್ಲ' ಎಂದು ಫೋನನ್ನು ಕಿಟಕಿಯ ಹತ್ತಿರ ಹಿಡಿಯುತ್ತಾನೆ.

ನೆಟ್‌ವರ್ಕ್ ಸರಿಯಿಲ್ಲದಿರಬಹುದು. ಆದರೆ ಬಹಳ ಸಲ ದೋಷ ಇರುವುದು ಕಿಟಕಿಯ ಆಚೆ ಕಾಣುವ ಗೋಪುರದಲ್ಲಲ್ಲ, ಆ ತುದಿಯಲ್ಲಿ ಪುಟ ಬಡಿಸುವ ಕಂಪ್ಯೂಟರಿನಲ್ಲಿ. ಅದಕ್ಕೆ ಸರ್ವರ್ ಎಂದು ಹೆಸರು. ಹೋಟೆಲಿನಲ್ಲಿ ತಟ್ಟೆ ತಂದಿಡುವವನಿಗೂ ಅದೇ ಹೆಸರು. ಹೋಲಿಕೆ ಹೆಸರಿಗಷ್ಟೇ ಸೀಮಿತವಾಗಿಲ್ಲ.

ಯಾವುದೇ ದರ್ಶಿನಿಗೆ ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ನೋಡಿ. ಇಡ್ಲಿ ಕೇಳಿದರೆ ಅರ್ಧ ನಿಮಿಷದಲ್ಲಿ ಕೈಗೆ ಬರುತ್ತದೆ. ಅದು ಮೊದಲೇ ಬೆಂದು ಹಬೆಯಲ್ಲಿ ಕೂತಿರುತ್ತದೆ. ಮಸಾಲೆ ದೋಸೆ ಕೇಳಿದರೆ ಕಾಯಬೇಕು. ನೀವು ಚೀಟಿ ಕೊಟ್ಟ ಮೇಲೆ ಹಿಟ್ಟು ಕಾವಲಿಗೆ ಬೀಳುತ್ತದೆ. ಒಬ್ಬೊಬ್ಬ ಗಿರಾಕಿಗೂ ಹೊಸದಾಗಿ ಅಕ್ಕಿ ನೆನೆಹಾಕಿ ಇಡ್ಲಿ ಬೇಯಿಸುವ ಹೋಟೆಲಿದ್ದರೆ ಅದು ಎರಡೇ ದಿನದಲ್ಲಿ ಮುಚ್ಚಿಹೋದೀತು. ವಿಚಿತ್ರವೆಂದರೆ, ಜಗತ್ತಿನ ಎಷ್ಟೋ ಜಾಲತಾಣಗಳು ಇಂದಿಗೂ ಹಾಗೆಯೇ ನಡೆಯುತ್ತಿವೆ!

ಅಡುಗೆಮನೆಯ ಒಳಗೆ

ಜಾಲಪುಟಗಳನ್ನು ಬಡಿಸುವ ತಂತ್ರಾಂಶಗಳಲ್ಲಿ ಹೆಚ್ಚು ಹೆಸರಾದವು ಎರಡು. ಮೊದಲನೆಯದು ಅಪಾಚೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ತಯಾರಾಗಿದ್ದ ಒಂದು ಸರ್ವರ್ ತಂತ್ರಾಂಶದ ಮೇಲ್ವಿಚಾರಣೆ ನಿಂತುಹೋದಾಗ, ಅದನ್ನು ಬಳಸುತ್ತಿದ್ದ ಕೆಲವರು ತಮ್ಮ ತಮ್ಮ ತೇಪೆಗಳನ್ನು ಒಟ್ಟುಗೂಡಿಸಿ 1995ರಲ್ಲಿ ಇದನ್ನು ಕಟ್ಟಿದರು. ಎರಡನೆಯದು ಎಂಜಿನ್-ಎಕ್ಸ್. ಇಗೋರ್ ಸಿಸೋಯೆವ್ ಎಂಬ ರಷ್ಯನ್ ತಂತ್ರಜ್ಞ ಅದನ್ನು 2004ರಲ್ಲಿ ಸಾರ್ವಜನಿಕರ ಕೈಗಿತ್ತ. ಒಂದೇ ಕಂಪ್ಯೂಟರ್ ಏಕಕಾಲಕ್ಕೆ ಹತ್ತು ಸಾವಿರ ಮಂದಿಯನ್ನು ಸಂಭಾಳಿಸುವುದು ಹೇಗೆ ಎಂಬ ಪ್ರಶ್ನೆ ಆಗ ತಂತ್ರಜ್ಞರನ್ನು ಕಾಡುತ್ತಿತ್ತು. ಅದಕ್ಕೆ ಅವನ ಉತ್ತರ ಇದು.

ಎರಡೂ ಉಚಿತ. ಎರಡರಲ್ಲೂ ಮಾಡ್ಯೂಲ್ ಎಂಬ ವ್ಯವಸ್ಥೆ ಇದೆ. ಮಾಡ್ಯೂಲ್ ಎಂದರೆ ಬೇಕಾದಾಗ ಸೇರಿಸಿ ಬೇಡವಾದಾಗ ತೆಗೆದಿಡಬಹುದಾದ ಘಟಕ. ದೊಡ್ಡ ಅಡುಗೆಮನೆಯಲ್ಲಿ ರುಬ್ಬುವವನು ಬೇರೆ, ಹೆಚ್ಚುವವನು ಬೇರೆ, ಪೊಟ್ಟಣ ಕಟ್ಟುವವನು ಬೇರೆ ಇರುವ ಹಾಗೆ ಇಲ್ಲಿ ಪುಟವನ್ನು ಸಂಕುಚಿತಗೊಳಿಸುವ ಮಾಡ್ಯೂಲ್ ಒಂದು, ಅದರ ಮೇಲೆ 'ಇಂಥ ದಿನದೊಳಗೆ ಬಳಸಿ' ಎಂಬ ಚೀಟಿ ಅಂಟಿಸುವ ಮಾಡ್ಯೂಲ್ ಇನ್ನೊಂದು, ಒಮ್ಮೆ ತಯಾರಾದ ಪುಟವನ್ನು ತೆಗೆದಿಟ್ಟು ಮುಂದಿನವರಿಗೂ ಕೊಡುವ ಮಾಡ್ಯೂಲ್ ಮತ್ತೊಂದು. ಯಾರು ಕೆಲಸಕ್ಕೆ ಬರಬೇಕು, ಎಷ್ಟು ಮಾಡಬೇಕು ಎಂಬುದನ್ನು ಒಂದು ಸರಳ ಪಠ್ಯ ಕಡತದಲ್ಲಿ ಬರೆದಿಟ್ಟರೆ ಸಾಕು. ಇದಕ್ಕೇ ಕಾನ್ಫಿಗರೇಶನ್ ಎನ್ನುವುದು. ಹತ್ತು ಹದಿನೈದು ಸಾಲುಗಳ ಕೆಲಸ. ಆದರೆ ಆ ಸಾಲುಗಳನ್ನು ಯೋಚಿಸಿ ಬರೆಯಬೇಕು. ಯಾಕೆಂದು ನೋಡೋಣ.

ದೂರದ ಲೆಕ್ಕ

ಪುಟ ತಡವಾಗಲು ಭೌತಶಾಸ್ತ್ರದ ಕಾರಣವೊಂದಿದೆ. ಬೆಳಕು ಗಾಜಿನ ಎಳೆಯೊಳಗೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ನಿರ್ವಾತದಲ್ಲಿನ ವೇಗದ ಮೂರನೇ ಎರಡು ಭಾಗ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ನೇರ ದಾರಿ ಸುಮಾರು 14,000 ಕಿಲೋಮೀಟರ್. ಹೋಗಿಬರಲು 28,000. ಭಾಗಿಸಿ ನೋಡಿ: ಒಂದು ಸುತ್ತಿಗೆ 0.14 ಸೆಕೆಂಡ್. ಸಮುದ್ರದಡಿಯ ಕೇಬಲ್ಲುಗಳು ನೇರವಾಗಿ ಹೋಗುವುದಿಲ್ಲವಾದ್ದರಿಂದ ನಿಜವಾಗಿ ಇನ್ನೂ ಹೆಚ್ಚು.

ಇಷ್ಟೇ ತಾನೇ ಎನ್ನಬೇಡಿ. ನಿಮ್ಮ ಫೋನು ಮೊದಲು 'ಇದ್ದೀರಾ?' ಎಂದು ಕೇಳಿ 'ಇದ್ದೇನೆ' ಎಂಬ ಉತ್ತರ ಪಡೆಯಲು ಒಂದು ಸುತ್ತು. ಮಾತು ಯಾರಿಗೂ ಕೇಳಿಸದಂತೆ ಗೂಢಲಿಪಿಯ ಒಪ್ಪಂದ ಮಾಡಿಕೊಳ್ಳಲು, ಈಗಿನ ಹೊಸ ವಿಧಾನದಲ್ಲಿ, ಇನ್ನೊಂದು ಸುತ್ತು. ಪುಟ ಕೇಳಿ ಅದರ ಮೊದಲ ತುಣುಕು ಬರಲು ಮೂರನೇ ಸುತ್ತು. ಆಗಲೇ 0.42 ಸೆಕೆಂಡ್ ಕಳೆದು, ಪರದೆ ಇನ್ನೂ ಖಾಲಿ!

ಇನ್ನೊಂದು ಸೂಕ್ಷ್ಮವಿದೆ. ದಾರಿಯಲ್ಲಿ ಎಷ್ಟು ಜಾಗವಿದೆ ಎಂದು ಗೊತ್ತಿಲ್ಲದ ಸರ್ವರ್ ಮೊದಲ ಸುತ್ತಿನಲ್ಲಿ ಸುಮಾರು 14 ಕಿಲೋಬೈಟ್ ಮಾತ್ರ ಕಳಿಸುತ್ತದೆ. ಅದು ಸುಸೂತ್ರ ತಲುಪಿತೆಂದು ತಿಳಿದ ಮೇಲೆ 28, ಆಮೇಲೆ 56, ಅನಂತರ 112 ಹೀಗೆ ದುಪ್ಪಟ್ಟು ಮಾಡುತ್ತ ಹೋಗುತ್ತದೆ. ಗುರುತಿಲ್ಲದ ಹೊಳೆ ದಾಟುವವರು ಕೋಲೂರಿ ಹೆಜ್ಜೆ ಹಾಕುವಂತೆ. ಹೀಗಾಗಿ 200 ಕಿಲೋಬೈಟ್ ತೂಕದ ಕಡತಕ್ಕೆ ನಾಲ್ಕು ಸುತ್ತು ಬೇಕು. ಅದನ್ನೇ ಹಿಂಡಿ 40 ಕಿಲೋಬೈಟ್‌ಗೆ ಇಳಿಸಿದರೆ ಎರಡೇ ಸುತ್ತು. ತೂಕ ಇಳಿದರೆ ದೂರವೂ ಇಳಿದಂತೆ.

ಒಂದು ಪುಟವೆಂದರೆ ಒಂದೇ ಕಡತವಲ್ಲ ಎಂಬುದು ನೆನಪಿರಲಿ. ಪಠ್ಯ ಒಂದು, ಅಲಂಕಾರದ ಸೂತ್ರಗಳ ಕಡತ ಎರಡೋ ಮೂರೋ, ಚಿತ್ರಗಳು ಹತ್ತಾರು, ಅಕ್ಷರವಿನ್ಯಾಸದ ಕಡತಗಳು ಬೇರೆ. ಪ್ರತಿಯೊಂದನ್ನೂ ಕೇಳಿ ತರಿಸಿಕೊಳ್ಳಬೇಕು.

ಕನ್ನಡದ ತೂಕ

ಈ ವಿಷಯದಲ್ಲಿ ಕನ್ನಡಿಗರಿಗೆ ವಿಶೇಷ ಆಸಕ್ತಿ ಇರಬೇಕಾದ ಸಂಗತಿಯೊಂದಿದೆ. ಜಾಲದಲ್ಲಿ ಈಗ ಎಲ್ಲ ಭಾಷೆಗಳೂ ಯೂನಿಕೋಡ್ ಎಂಬ ಏಕರೂಪದ ಸಂಕೇತದಲ್ಲಿ ಸಾಗುತ್ತವೆ. ಅದರ ಸಾಮಾನ್ಯ ರೂಪವಾದ ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. 'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಿ. ಕ, ನ, ವಿರಾಮ ಚಿಹ್ನೆ, ಇನ್ನೊಂದು ನ, ಡ; ಒಟ್ಟು ಐದು ಸಂಕೇತ, 15 ಬೈಟ್. ಅದನ್ನೇ ರೋಮನ್ ಲಿಪಿಯಲ್ಲಿ ಬರೆದರೆ ಏಳು ಅಕ್ಷರ, ಏಳೇ ಬೈಟ್.

ಅನ್ಯಾಯ ಎನ್ನಿಸುತ್ತದೆ. ಆದರೆ ಆ ಹದಿನೈದು ಬೈಟ್‌ಗಳ ಒಳಹೊಕ್ಕು ನೋಡಿದರೆ ಸಮಾಧಾನವಾಗುತ್ತದೆ. ಕ ಎಂದರೆ 224, 178, 149. ನ ಎಂದರೆ 224, 178, 168. ಡ ಎಂದರೆ 224, 178, 161. ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಮೊದಲ ಬೈಟ್ ಯಾವಾಗಲೂ 224. ಎರಡನೆಯದು 178 ಇಲ್ಲವೇ 179. ಹೊಸ ಮಾಹಿತಿ ಇರುವುದು ಹೆಚ್ಚಾಗಿ ಮೂರನೆಯದರಲ್ಲಿ ಮಾತ್ರ. ಇಂಥ ಪುನರಾವರ್ತನೆಯನ್ನು ಹುಡುಕಿ ಹಿಂಡಿ ಹಾಕುವುದೇ ಸಂಕುಚನ ವಿಧಾನದ ಕಸುಬು. ಇಸ್ರೇಲಿನ ಲೆಂಪೆಲ್ ಮತ್ತು ಜಿವ್ 1977ರಲ್ಲಿ ಪ್ರಕಟಿಸಿದ ವಿಧಾನವನ್ನೂ, ಡೇವಿಡ್ ಹಫ್‌ಮನ್ 1952ರಲ್ಲಿ ಕೊಟ್ಟ ವಿಧಾನವನ್ನೂ ಜೋಡಿಸಿದ ಜಿಜಿಪ್ ಎಂಬ ತಂತ್ರಾಂಶ 1992ರಿಂದ ಬಳಕೆಯಲ್ಲಿದೆ. ಅದನ್ನು ಅಪಾಚೆಯಲ್ಲಿ ನಡೆಸುವ ಮಾಡ್ಯೂಲಿನ ಹೆಸರು ಮಾಡ್-ಡಿಫ್ಲೇಟ್. ಅದನ್ನು ಚಾಲೂ ಮಾಡಲು ಎರಡು ಮೂರು ಸಾಲು ಸಾಕು. ಇಂಗ್ಲಿಷ್ ಪುಟಕ್ಕೆ ಅದರಿಂದ ಎಷ್ಟು ಲಾಭವೋ ಕನ್ನಡ ಪುಟಕ್ಕೆ ಅದಕ್ಕಿಂತ ಹೆಚ್ಚು. ಕನ್ನಡದ ಜಾಲತಾಣ ನಡೆಸುವವರು ಇದನ್ನು ಮಾಡದೆ ಬಿಟ್ಟರೆ ಓದುಗನ ಡೇಟಾ ಹಣವನ್ನು ಚೆಲ್ಲಿದಂತೆಯೇ.

ಬಚ್ಚಿಟ್ಟ ಪ್ರತಿ

ಸಂಕುಚನದಿಂದ ಉಳಿಯುವುದು ತೂಕ. ಪ್ರಯಾಣವನ್ನೇ ಉಳಿಸುವ ಉಪಾಯ ಇನ್ನೊಂದಿದೆ. ಅದರ ಹೆಸರು ಕ್ಯಾಶ್. ಇದು ನಗದು ಹಣದ ಕ್ಯಾಶ್ ಅಲ್ಲ, ಉಚ್ಚಾರಣೆ ಮಾತ್ರ ಒಂದೇ. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲಿ ಈ ತತ್ವವನ್ನು ವಿವರಿಸಿದ: ದೊಡ್ಡದಾದ ನಿಧಾನದ ಸ್ಮೃತಿಯ ಪಕ್ಕದಲ್ಲಿ ಚಿಕ್ಕದಾದ ಚುರುಕಿನ ಸ್ಮೃತಿಯೊಂದನ್ನಿಟ್ಟು, ಪದೇ ಪದೇ ಬೇಕಾಗುವುದನ್ನು ಅದರಲ್ಲಿ ಇಟ್ಟುಕೊಳ್ಳುವುದು. 1968ರಲ್ಲಿ ಐಬಿಎಂ ತನ್ನ ಯಂತ್ರವೊಂದರಲ್ಲಿ ಅದನ್ನು ಅಳವಡಿಸಿತು. ಉಗ್ರಾಣದಲ್ಲಿ ಮೂಟೆ, ಒಲೆಯ ಪಕ್ಕದಲ್ಲಿ ಸಾಸಿವೆ ಡಬ್ಬಿ. ನಮ್ಮ ಅಜ್ಜಿಯರಿಗೆ ತಿಳಿದೇ ಇದ್ದ ವಿದ್ಯೆ.

ಜಾಲದಲ್ಲಿ ಕ್ಯಾಶ್ ಮೂರು ಕಡೆ ಇರಬಹುದು. ಸರ್ವರಿನಲ್ಲೇ ಒಂದು, ದಾರಿಯ ನಡುವೆ ಒಂದು, ನಿಮ್ಮ ಫೋನಿನ ಬ್ರೌಸರಿನಲ್ಲಿ ಒಂದು. ಯಾವ ಪ್ರತಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂಬುದನ್ನು ಹೇಳಲು 1997ರ ಎಚ್‌ಟಿಟಿಪಿ 1.1 ನಿಯಮಾವಳಿ 'ಕ್ಯಾಶ್-ಕಂಟ್ರೋಲ್' ಎಂಬ ಚೀಟಿಯನ್ನು ಕೊಟ್ಟಿತು. ಚೀಟಿಯ ಮೇಲೆ 'ಮ್ಯಾಕ್ಸ್-ಏಜ್ 600' ಎಂದಿದ್ದರೆ ಹತ್ತು ನಿಮಿಷ ಮತ್ತೆ ಕೇಳಬೇಕಾಗಿಲ್ಲ ಎಂದರ್ಥ. ಅವಧಿ ಮುಗಿದ ಮೇಲೂ ಇಡೀ ಕಡತವನ್ನು ತರಿಸಬೇಕೆಂದಿಲ್ಲ. 'ನನ್ನ ಹತ್ತಿರ ಇಂಥ ಪ್ರತಿ ಇದೆ, ಬದಲಾಗಿದೆಯೇ?' ಎಂದು ಬ್ರೌಸರ್ ಕೇಳುತ್ತದೆ. ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಸಂಖ್ಯೆಯ ಚುಟುಕು ಉತ್ತರ ಕಳಿಸಿ ಸುಮ್ಮನಾಗುತ್ತದೆ.

ಸರ್ವರಿನವರು ಏನೂ ಹೇಳದೇ ಬಿಟ್ಟರೆ? ಇಲ್ಲೇ ಇರುವುದು ತೊಡಕು. ಹೇಳದಿದ್ದರೆ ಯಂತ್ರ ತಾನೇ ಊಹಿಸಿಕೊಳ್ಳುತ್ತದೆ. ಪುಟ ಕೊನೆಯ ಸಲ ಬದಲಾಗಿ ಎಷ್ಟು ದಿನವಾಯಿತೋ ಅದರ ಹತ್ತನೇ ಒಂದು ಭಾಗದಷ್ಟು ಕಾಲ ಹಳೆಯ ಪ್ರತಿಯನ್ನೇ ನಂಬುವುದು ಬ್ರೌಸರುಗಳ ಸಾಮಾನ್ಯ ರೂಢಿ. ಅರವತ್ತು ದಿನದಿಂದ ಯಾರೂ ಮುಟ್ಟದ ಪುಟವಾದರೆ ಆರು ದಿನ!

ನಮ್ಮ ಕಡೆಯ ಒಂದು ಸಂಸ್ಥೆ, ಹೆಸರು ಬೇಡ, ಶಾಲಾ ಮಕ್ಕಳಿಗಾಗಿ ವಿಜ್ಞಾನ ಮಾದರಿ ಸ್ಪರ್ಧೆ ಇಟ್ಟುಕೊಂಡಿತ್ತು. ಶನಿವಾರ ಎಂದು ಎರಡು ತಿಂಗಳ ಹಿಂದೆಯೇ ತನ್ನ ಜಾಲತಾಣದಲ್ಲಿ ಹಾಕಿತ್ತು. ಅದೇ ವಾರದ ಮಂಗಳವಾರ ಯಾವುದೋ ಕಾರಣಕ್ಕೆ ಗುರುವಾರಕ್ಕೆ ಬದಲಾಯಿಸಿತು. ಸೋಮವಾರ ಒಮ್ಮೆ ಆ ಪುಟ ನೋಡಿದ್ದ ಹಳ್ಳಿಯ ಹುಡುಗನೊಬ್ಬ ಬುಧವಾರ ರಾತ್ರಿ ಖಾತರಿಗಾಗಿ ಮತ್ತೆ ನೋಡಿದ. ಫೋನು ತನ್ನಲ್ಲಿದ್ದ ಹಳೆಯ ಪ್ರತಿಯನ್ನೇ ತೋರಿಸಿತು. ಶನಿವಾರ ಬೆಳಿಗ್ಗೆ ರಟ್ಟಿನ ಪೆಟ್ಟಿಗೆಯಲ್ಲಿ ಗಾಳಿಯಂತ್ರದ ಮಾದರಿ ಹೊತ್ತು ಎರಡು ಬಸ್ಸು ಬದಲಿಸಿ ಬಂದಾಗ ಸಭಾಂಗಣಕ್ಕೆ ಬೀಗ. 'ಜಾಲತಾಣದಲ್ಲಿ ಹಾಕಿದ್ದೆವಲ್ಲ' ಎಂದರು ಸಂಸ್ಥೆಯವರು. ಹಾಕಿದ್ದು ನಿಜ. 'ನಾನು ನೋಡಿಯೇ ಬಂದೆ' ಎಂದ ಹುಡುಗ. ಅದೂ ನಿಜ. ನಡುವೆ ಇರಬೇಕಾಗಿದ್ದ ಒಂದು ಸಾಲಿನ ಚೀಟಿಯನ್ನು ಯಾರೂ ಬರೆದಿರಲಿಲ್ಲ, ಅಷ್ಟೆ.

ತಾನೇ ಮಾಡುವ ಮಾಡ್ಯೂಲ್

ಈ ಎಲ್ಲ ಕೆಲಸವನ್ನೂ ಮನುಷ್ಯರಿಗೆ ಬಿಡದೆ ಯಂತ್ರಕ್ಕೇ ವಹಿಸಿದರೆ ಹೇಗೆ? ಗೂಗಲ್ ಕಂಪನಿಯ ತಂತ್ರಜ್ಞರು 2010ರ ನವೆಂಬರಿನಲ್ಲಿ ಹೊರತಂದ ಮಾಡ್-ಪೇಜ್‌ಸ್ಪೀಡ್ ಈ ಆಸೆಯ ಫಲ. ಮೊದಲು ಅಪಾಚೆಗೆ, 2013ರಲ್ಲಿ ಎಂಜಿನ್-ಎಕ್ಸ್‌ಗೆ ಬಂತು. ಸರ್ವರಿಗೆ ಇದನ್ನು ಜೋಡಿಸಿ 'ಆನ್' ಎಂದು ಬರೆದು, ತೆಗೆದಿಟ್ಟುಕೊಳ್ಳಲು ಒಂದು ಜಾಗ ತೋರಿಸಿದರೆ ಆಯಿತು. ಪುಟ ಬರೆದವನು ಒಂದಕ್ಷರವನ್ನೂ ಬದಲಿಸಬೇಕಾಗಿರಲಿಲ್ಲ.

ಅದರೊಳಗೆ ಫಿಲ್ಟರ್‌ಗಳೆಂಬ ಸಣ್ಣ ಸಣ್ಣ ಕೆಲಸಗಾರರು 40ಕ್ಕೂ ಹೆಚ್ಚು. ಒಂದು ಫಿಲ್ಟರ್ ನಾಲ್ಕು ಅಲಂಕಾರ ಕಡತಗಳನ್ನು ಸೇರಿಸಿ ಒಂದು ಮಾಡುತ್ತಿತ್ತು. ಇನ್ನೊಂದು ಖಾಲಿ ಜಾಗಗಳನ್ನು ಒತ್ತುತ್ತಿತ್ತು. ಮತ್ತೊಂದು ಚಿತ್ರಗಳನ್ನು ಇಳಿಸುತ್ತಿತ್ತು. ಚಿತ್ರದ ವಿಷಯ ತಮಾಷೆಯದು. ಫೋನಿನಲ್ಲಿ ತೆಗೆದ 4000ಕ್ಕೆ 3000 ಚುಕ್ಕೆಗಳ ವಾರ್ಷಿಕೋತ್ಸವದ ಫೋಟೋವನ್ನು ಹಾಗೆಯೇ ಪುಟಕ್ಕೇರಿಸಿ, 400ಕ್ಕೆ 300ರ ಜಾಗದಲ್ಲಿ ತೋರಿಸುವವರು ಎಲ್ಲೆಲ್ಲೂ ಇದ್ದಾರೆ. ಲೆಕ್ಕ ಹಾಕಿ: 1 ಕೋಟಿ 20 ಲಕ್ಷ ಚುಕ್ಕೆಗಳನ್ನು ಕಳಿಸಿ 1 ಲಕ್ಷ 20 ಸಾವಿರ ತೋರಿಸಿದಂತಾಯಿತು. ನೂರರಲ್ಲಿ ತೊಂಬತ್ತೊಂಬತ್ತು ಪಾಲು ವ್ಯರ್ಥ. ಮಾಡ್ಯೂಲ್ ಇದನ್ನು ಗುರುತಿಸಿ ಚಿತ್ರವನ್ನು ಜಾಗಕ್ಕೆ ತಕ್ಕಷ್ಟು ಕುಗ್ಗಿಸಿ ಇಟ್ಟುಕೊಳ್ಳುತ್ತಿತ್ತು.

ಮೊದಲು ಬಂದ ಗಿರಾಕಿಯನ್ನು ಕಾಯಿಸಬಾರದು ಎಂಬ ವಿವೇಕವೂ ಅದಕ್ಕಿತ್ತು. ಕೆಲವೇ ಮಿಲಿಸೆಕೆಂಡುಗಳಲ್ಲಿ ಕೆಲಸ ಮುಗಿಯದಿದ್ದರೆ ಮೂಲ ಪ್ರತಿಯನ್ನೇ ಕೊಟ್ಟು ಕಳಿಸಿ, ಹಿಂದಿನಿಂದ ಸುಧಾರಿತ ಪ್ರತಿ ತಯಾರಿಸಿ, ಮುಂದೆ ಬಂದವರಿಗೆ ಅದನ್ನು ಕೊಡುತ್ತಿತ್ತು.

ಎಲ್ಲಕ್ಕಿಂತ ಜಾಣ ಉಪಾಯ ಅದರ ಕ್ಯಾಶ್ ವಿಸ್ತರಣೆ. ನಾನು ತರಗತಿಯಲ್ಲಿ ಇದನ್ನು ಹೇಳುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, 'ಸರ್, ಒಂದು ವರ್ಷ ಇಟ್ಟುಕೋ ಅಂತ ಚೀಟಿ ಅಂಟಿಸಿಬಿಟ್ಟರೆ, ನಾಳೆ ಲಾಂಛನದ ಬಣ್ಣ ಬದಲಾಯಿಸಿದಾಗ ಅದು ಗೊತ್ತಾಗೋದು ಹೇಗೆ?' ಎಂದಳು. ಪ್ರಶ್ನೆ ಎಂದರೆ ಇದು! ಉತ್ತರ: ಹೆಸರನ್ನೇ ಬದಲಿಸುವುದು. ಮಾಡ್ಯೂಲ್ ಕಡತದ ಒಳಗಿರುವುದನ್ನೆಲ್ಲ ಗಣಿತದ ಸೂತ್ರಕ್ಕೆ ಹಾಕಿ ಒಂದು ಪುಟ್ಟ ಸಂಕೇತ ಪಡೆಯುತ್ತದೆ, ಅದನ್ನು ಕಡತದ ಹೆಸರಿನೊಳಗೆ ಸೇರಿಸುತ್ತದೆ. ಒಳಗೆ ಒಂದು ಚುಕ್ಕೆ ಬದಲಾದರೂ ಸಂಕೇತ ಬದಲಾಗುತ್ತದೆ, ಹೆಸರೂ ಬದಲಾಗುತ್ತದೆ. ಹೊಸ ಹೆಸರನ್ನು ಬ್ರೌಸರ್ ಎಂದೂ ಕಂಡಿಲ್ಲವಾದ್ದರಿಂದ ಹೊಸದನ್ನೇ ತರಿಸಿಕೊಳ್ಳುತ್ತದೆ. ಹಳೆಯ ಹೆಸರಿನದು ವರ್ಷವಿಡೀ ಬಿದ್ದಿದ್ದರೂ ಯಾರಿಗೂ ತೊಂದರೆಯಿಲ್ಲ.

ಆದರೆ ಆ ಹೊಸ ಹೆಸರನ್ನು ಹೊತ್ತು ತರುವ ಮುಖ್ಯ ಪುಟ ಇದೆಯಲ್ಲ, ಅದನ್ನು ವರ್ಷವಿಡೀ ಇಡುವಂತಿಲ್ಲ. ಅದನ್ನು ಪ್ರತಿಸಲ ಕೇಳಿಯೇ ತರಬೇಕೆಂದು ಮಾಡ್ಯೂಲ್ ಚೀಟಿ ಅಂಟಿಸುತ್ತಿತ್ತು. ಮೂಲ ಕಡತಕ್ಕೆ ಒಡೆಯ ಅವಧಿಯನ್ನೇ ಹೇಳಿರದಿದ್ದರೆ? ಐದು ನಿಮಿಷ ಎಂದು ತಾನೇ ಇಟ್ಟುಕೊಳ್ಳುತ್ತಿತ್ತು. ನಲವತ್ತು ಫಿಲ್ಟರ್‌ಗಳ ಬುದ್ಧಿವಂತ ಯಂತ್ರಕ್ಕೂ ಇಲ್ಲಿ ಊಹೆಯೇ ಗತಿ ಎಂಬುದನ್ನು ಗಮನಿಸಿ.

ಮಾಡ್-ಪೇಜ್‌ಸ್ಪೀಡ್‌ನ ಕಥೆ ಮುಂದೆ ಏನಾಯಿತು? 2017ರಲ್ಲಿ ಅದು ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಹೋಯಿತು. ಈಗ ಅದರ ಬೆಳವಣಿಗೆ ನಿಂತಿದೆ. ಹೊಸದಾಗಿ ಯಾರೂ ಅದನ್ನು ಅಳವಡಿಸುವ ಅಗತ್ಯವಿಲ್ಲ. ಕಾರಣ ಸೋಲಲ್ಲ. 2015ರಲ್ಲಿ ಬಂದ ಎಚ್‌ಟಿಟಿಪಿ 2 ನಿಯಮಾವಳಿಯಲ್ಲಿ ಒಂದೇ ಸಂಪರ್ಕದಲ್ಲಿ ಹಲವಾರು ಕಡತಗಳು ಒಟ್ಟಿಗೆ ಬರಬಲ್ಲವಾದ್ದರಿಂದ, ನಾಲ್ಕನ್ನು ಸೇರಿಸಿ ಒಂದು ಮಾಡುವ ಲಾಭ ಕಡಿಮೆಯಾಯಿತು. ಕೆಳಗಿನ ಚಿತ್ರಗಳನ್ನು ಓದುಗ ಅಲ್ಲಿಗೆ ಬಂದಾಗ ಮಾತ್ರ ತರಿಸುವ ಕೆಲಸವನ್ನು ಬ್ರೌಸರುಗಳೇ ಕಲಿತವು. ಹೆಸರಿನೊಳಗೆ ಸಂಕೇತ ಸೇರಿಸುವ ಉಪಾಯವನ್ನು ಪುಟ ಕಟ್ಟುವ ತಂತ್ರಾಂಶಗಳು ತಾವೇ ಮಾಡತೊಡಗಿದವು. ಗುರುವಿನ ವಿದ್ಯೆ ಶಿಷ್ಯರಿಗೆಲ್ಲ ಬಂದ ಮೇಲೆ ಗುರು ನಿವೃತ್ತನಾದಂತೆ.

ಒಂದು ಸೆಕೆಂಡಿನ ಮಹಿಮೆ

ಮತ್ತೆ ಫಲಿತಾಂಶದ ದಿನಕ್ಕೆ ಬರೋಣ. ಒಂದು ಪುಟ ಸಿದ್ಧಪಡಿಸಲು ಸರ್ವರಿಗೆ 0.1 ಸೆಕೆಂಡ್ ಬೇಕು, ಅದರಲ್ಲಿ ಎಂಟು ಪ್ರೊಸೆಸರ್‌ಗಳಿವೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 80 ಪುಟ ಹೊರಬರುತ್ತದೆ. ಆದರೆ ಸೆಕೆಂಡಿಗೆ 5,000 ಮಂದಿ ಬಂದರೆ? ಪ್ರತಿ ಸೆಕೆಂಡಿಗೆ 4,920 ಮಂದಿ ಸರದಿಗೆ ಸೇರುತ್ತಾರೆ. ಒಂದು ನಿಮಿಷದಲ್ಲಿ ಸರದಿಯ ಉದ್ದ 2,95,200. ಅವರಲ್ಲಿ ಅರ್ಧ ಮಂದಿ ತಾಳ್ಮೆಗೆಟ್ಟು ಮತ್ತೆ ಮತ್ತೆ ಗುಂಡಿ ಒತ್ತುತ್ತಾರೆ. ಮುಂದಿನದು ಹೇಳಬೇಕಾಗಿಲ್ಲ.

ಈಗ ಎಲ್ಲರಿಗೂ ಸಮಾನವಾದ ಮುಖಪುಟವನ್ನು ಕೇವಲ ಒಂದು ಸೆಕೆಂಡು ಕ್ಯಾಶಿನಲ್ಲಿಡಿ ಎಂದು ಎಂಜಿನ್-ಎಕ್ಸ್‌ಗೆ ಹೇಳಿ. ಸೆಕೆಂಡಿಗೆ ಒಂದೇ ಪುಟ ತಯಾರಾಗುತ್ತದೆ. ಉಳಿದ 4,999 ಮಂದಿಗೆ ಅದರದೇ ನಕಲು. ಪುಟ ಒಂದು ಸೆಕೆಂಡು ಹಳೆಯದಾದರೆ ಯಾರಿಗೆ ನಷ್ಟ? ಹಳೆಯ ಪ್ರತಿಯ ಅವಧಿ ಮುಗಿದ ಕ್ಷಣದಲ್ಲಿ ಎಲ್ಲರೂ ಒಟ್ಟಿಗೆ ಅಡುಗೆಮನೆಗೆ ನುಗ್ಗದಂತೆ, ಒಬ್ಬನನ್ನು ಮಾತ್ರ ಒಳಗೆ ಬಿಟ್ಟು ಉಳಿದವರಿಗೆ ಹಳೆಯದನ್ನೇ ಕೊಡುತ್ತಿರುವ ಬೀಗದ ವ್ಯವಸ್ಥೆಯೂ ಇದೆ. ಅದಕ್ಕೂ ಎರಡೇ ಸಾಲು.

ಅಂಕಪಟ್ಟಿ ಒಬ್ಬೊಬ್ಬರದು ಒಂದೊಂದು, ಅದು ದೋಸೆಯಲ್ಲವೇ ಎಂದು ನೀವು ಕೇಳಬಹುದು. ಅಲ್ಲ! ಫಲಿತಾಂಶ ಹಿಂದಿನ ದಿನವೇ ಸಿದ್ಧವಾಗಿರುತ್ತದೆ. ಪ್ರಕಟಣೆಯ ದಿನ ಅದು ಬದಲಾಗುವುದಿಲ್ಲ. ಒಬ್ಬರಿಗೆ 2,000 ಬೈಟ್‌ನಂತೆ 8 ಲಕ್ಷ ಮಕ್ಕಳ ಪುಟಗಳನ್ನು ಮೊದಲೇ ಬರೆದಿಟ್ಟರೆ ಒಟ್ಟು 160 ಕೋಟಿ ಬೈಟ್, ಅಂದರೆ 1.6 ಗಿಗಾಬೈಟ್. ಅಂಗಡಿಯಲ್ಲಿ ಸಿಗುವ ಸಾಧಾರಣ ಪೆನ್‌ಡ್ರೈವ್‌ನಲ್ಲೂ ಹಿಡಿಯುತ್ತದೆ. ನೋಂದಣಿ ಸಂಖ್ಯೆ ಮತ್ತು ಜನ್ಮದಿನಾಂಕ ತಾಳೆಯಾದವರಿಗೆ ತೆಗೆದುಕೊಡುವುದಷ್ಟೇ ಉಳಿದ ಕೆಲಸ. ದೋಸೆ ಎಂದುಕೊಂಡಿದ್ದು ವಾಸ್ತವವಾಗಿ ಇಡ್ಲಿ!

ಬೇರೆಯವರ ತಟ್ಟೆ

ಹಾಗೆಂದು ಎಲ್ಲವನ್ನೂ ಕ್ಯಾಶಿಗೆ ತುಂಬಿದರೆ ಏನಾಗುತ್ತದೆ? 2015ರ ಡಿಸೆಂಬರ್ 25, ಕ್ರಿಸ್‌ಮಸ್ ದಿನ. ಅಮೆರಿಕದ ವಾಲ್ವ್ ಕಂಪನಿ ನಡೆಸುವ ಸ್ಟೀಮ್ ಎಂಬ ಕಂಪ್ಯೂಟರ್ ಆಟಗಳ ಅಂಗಡಿಯ ಮೇಲೆ ಕಿಡಿಗೇಡಿಗಳು ಸುಳ್ಳು ಬೇಡಿಕೆಗಳ ಸುರಿಮಳೆಗೈದರು. ಸಂಚಾರ ಮಾಮೂಲಿಗಿಂತ ಶೇಕಡಾ 2,000ದಷ್ಟು ಏರಿತು. ಅದನ್ನು ತಡೆಯಲು ಕಂಪನಿಯ ಜೊತೆಗಾರ ಸಂಸ್ಥೆಯೊಂದು ಅವಸರದಲ್ಲಿ ಕ್ಯಾಶಿನ ನಿಯಮಗಳನ್ನು ಬದಲಾಯಿಸಿತು. ಹೊಸ ನಿಯಮದಲ್ಲಿ ಒಂದು ದೋಷವಿತ್ತು: ಗುರುತು ಹೇಳಿ ಒಳಬಂದ ಗಿರಾಕಿಗಳ ಖಾಸಗಿ ಪುಟಗಳನ್ನೂ ಅದು ತೆಗೆದಿಟ್ಟುಕೊಂಡಿತು, ಮುಂದೆ ಬಂದ ಬೇರೆಯವರಿಗೆ ಕೊಟ್ಟಿತು! ಸುಮಾರು ಒಂದೂವರೆ ಗಂಟೆಯ ಅವಧಿಯಲ್ಲಿ 34,000 ಮಂದಿಯ ಪುಟಗಳು ಹೀಗೆ ಪರರ ಕಣ್ಣಿಗೆ ಬಿದ್ದಿರಬಹುದೆಂದು ಕಂಪನಿ ತಿಳಿಸಿತು. ಕೆಲವು ಪುಟಗಳಲ್ಲಿ ವಿಳಾಸ, ಇ-ಮೇಲ್, ಖರೀದಿಯ ಪಟ್ಟಿ ಎಲ್ಲ ಇದ್ದವು. ಯಾವ ಕಳ್ಳನೂ ಒಳನುಗ್ಗಿ ಅದನ್ನು ಕದ್ದಿರಲಿಲ್ಲ. ಒಬ್ಬನಿಗೆಂದು ಮಾಡಿದ್ದನ್ನು ಸರ್ವರ್ ಪಂಕ್ತಿಗೆಲ್ಲ ಬಡಿಸಿತ್ತು.

ಇದನ್ನು ತಡೆಯುವ ಚೀಟಿಯೂ ಇದೆ. 'ಪ್ರೈವೇಟ್' ಎಂದು ಬರೆದರೆ ಆ ಗಿರಾಕಿಯ ಬ್ರೌಸರ್ ಹೊರತು ನಡುವಿನವರು ಯಾರೂ ಇಟ್ಟುಕೊಳ್ಳಬಾರದು. 'ನೋ-ಸ್ಟೋರ್' ಎಂದರೆ ಯಾರೂ ಎಲ್ಲೂ ಇಟ್ಟುಕೊಳ್ಳಲೇಬಾರದು. ಆದರೆ ಒಂದು ಪುಟ ಎಲ್ಲರದೋ ಒಬ್ಬರದೋ ಎಂಬುದು ಅದರ ತೂಕದಿಂದ ತಿಳಿಯುವುದಿಲ್ಲ, ಉದ್ದದಿಂದ ತಿಳಿಯುವುದಿಲ್ಲ. ಅದನ್ನು ಬಲ್ಲವನು ಮನುಷ್ಯ ಮಾತ್ರ.

ಚೀಟಿ ಬರೆಯುವವರಿಗೆ

ಶಾಲೆ, ಸಹಕಾರ ಸಂಘ, ಗ್ರಂಥಾಲಯ, ಸಣ್ಣ ಅಂಗಡಿ ಹೀಗೆ ಜಾಲತಾಣ ಇಟ್ಟುಕೊಂಡಿರುವವರು ಈಗ ಕಡಿಮೆಯೇನಿಲ್ಲ. ಅವರು ಇಷ್ಟು ಮಾಡಬಹುದು. ಮೊದಲು ಅಳೆಯಿರಿ, ಊರಿನ ವೇಗದ ಸಂಪರ್ಕದಲ್ಲಲ್ಲ, ಹಳ್ಳಿಯ ಸಾಧಾರಣ ಫೋನಿನಲ್ಲಿ. ಸಂಕುಚನ ಚಾಲೂ ಇದೆಯೇ ನೋಡಿ. ಫೋಟೋಗಳನ್ನು ಜಾಗಕ್ಕೆ ತಕ್ಕಷ್ಟು ಕುಗ್ಗಿಸಿ. ಆಮೇಲೆ ಒಂದು ಹಾಳೆ ತೆಗೆದುಕೊಂಡು ನಿಮ್ಮ ತಾಣದಲ್ಲಿರುವುದನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ 'ಇದು ಎಷ್ಟು ಹೊತ್ತು ನಿಜ?' ಎಂಬ ಪ್ರಶ್ನೆಗೆ ಉತ್ತರ ಬರೆಯಿರಿ. ಲಾಂಛನ, ಅಕ್ಷರವಿನ್ಯಾಸ: ಹೆಸರಿನಲ್ಲಿ ಸಂಕೇತವಿದ್ದರೆ ಒಂದು ವರ್ಷ. ಸಂಸ್ಥೆಯ ಇತಿಹಾಸ: ಒಂದು ದಿನ ಧಾರಾಳ. ಸೂಚನಾ ಫಲಕ, ಪರೀಕ್ಷೆಯ ವೇಳಾಪಟ್ಟಿ: ಪ್ರತಿಸಲ ಕೇಳಿಯೇ ತೋರಿಸಬೇಕು, 304ರ ಉತ್ತರ ಅಗ್ಗದ್ದು, ಅದಕ್ಕೆ ಜಿಪುಣತನ ಬೇಡ. ಸದಸ್ಯರ ಖಾತೆ, ಅಂಕ, ಶುಲ್ಕದ ವಿವರ: ನೋ-ಸ್ಟೋರ್.

ಈ ಹಾಳೆಯನ್ನು ತಾಂತ್ರಿಕ ಕೆಲಸ ನೋಡಿಕೊಳ್ಳುವವರ ಕೈಗೆ ಕೊಡಿ. ಅದನ್ನು ಕಾನ್ಫಿಗರೇಶನ್ ಕಡತದ ಸಾಲುಗಳಾಗಿ ಬರೆಯಲು ಅವರಿಗೆ ಅರ್ಧ ಗಂಟೆ ಸಾಕು. ಆದರೆ ಹಾಳೆಯನ್ನು ಅವರೇ ತುಂಬಲಿ ಎಂದು ಬಿಡಬೇಡಿ. ಸ್ಪರ್ಧೆಯ ದಿನಾಂಕ ಬದಲಾದೀತೇ ಇಲ್ಲವೇ ಎಂಬುದು ಅಪಾಚೆಗೂ ಗೊತ್ತಿಲ್ಲ, ಎಂಜಿನ್-ಎಕ್ಸ್‌ಗೂ ಗೊತ್ತಿಲ್ಲ, ಬೆಂಗಳೂರಿನಲ್ಲಿ ಕೂತು ಸರ್ವರ್ ನೋಡಿಕೊಳ್ಳುವ ತಂತ್ರಜ್ಞನಿಗೂ ಗೊತ್ತಿಲ್ಲ. ಗೊತ್ತಿರುವುದು ಸ್ಪರ್ಧೆ ನಡೆಸುವ ನಿಮಗೆ. ಮುಂದಿನ ಸಲ ದಿನಾಂಕ ಬದಲಿಸಿದಾಗ, ಹಳೆಯ ಪುಟ ಎಷ್ಟು ಫೋನುಗಳಲ್ಲಿ ಇನ್ನೆಷ್ಟು ದಿನ ಉಳಿದಿರುತ್ತದೆ ಎಂದು ಆ ತಂತ್ರಜ್ಞನನ್ನು ಒಮ್ಮೆ ಕೇಳಿ ನೋಡಿ. ಉತ್ತರ ತಕ್ಷಣ ಬರದಿದ್ದರೆ, ಚೀಟಿ ಇನ್ನೂ ಬರೆದಾಗಿಲ್ಲ ಎಂದೇ ತಿಳಿಯಿರಿ.